ಲಾಕ್ ಹಿಡಿದವರು ಮಲಗಬಾರದು

ಬೆಂಗಳೂರಿನ ಸಾಫ್ಟ್‌ವೇರ್ ಇತಿಹಾಸ ಹೇಳುವವರು ಕಂಪನಿಗಳ ಹೆಸರು ಹಿಡಿದು ಹೊರಡುತ್ತಾರೆ. 1983ರಲ್ಲಿ ಪುಣೆಯಿಂದ ಇನ್ಫೋಸಿಸ್ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ವೈಟುಕೆ, ಕಾಲ್ ಸೆಂಟರು, ಸ್ಟಾರ್ಟಪ್ಪು. ನನ್ನ ಕಸುಬು ಈ ಪಟ್ಟಿಯಲ್ಲಿ ಎಲ್ಲೂ ಸಿಗುವುದಿಲ್ಲ. ನಾನು ಡಿವೈಸ್ ಡ್ರೈವರ್ ಬರೆಯುವವಳು. ತೊಂಬತ್ತರ ದಶಕದ ಕೊನೆಯಿಂದ ಜೆ.ಪಿ. ನಗರ, ಬಿಟಿಎಂ, ಬನ್ನೇರುಘಟ್ಟ ರಸ್ತೆಯ ಕಚೇರಿಗಳಲ್ಲೇ ನನ್ನ ಅನ್ನ ಹುಟ್ಟಿದ್ದು. ಪ್ರಿಂಟರು, ಕ್ಯಾಮೆರಾ, ನೆಟ್‌ವರ್ಕ್ ಕಾರ್ಡುಗಳನ್ನು ಮಾತಾಡಿಸುವ ಈ ಕೋಡು ಓಡುವುದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಒಳಗೆ. ಅಲ್ಲಿ ಯಾವ ಮೆಮೊರಿಯನ್ನು ಬೇಕಾದರೂ ಮುಟ್ಟುವ ಅಧಿಕಾರವಿದೆ. ಹಾಗಾಗಿ ಅಲ್ಲಿ ಒಂದು ಸಾಲು ತಪ್ಪಿದರೆ ಒಂದು ಪ್ರೋಗ್ರಾಮ್ ಸಾಯುವುದಿಲ್ಲ, ಇಡೀ ಯಂತ್ರ ನಿಲ್ಲುತ್ತದೆ.

ಈ ಕಸುಬಿನಲ್ಲಿ ದಿನಾ ಎದುರಾಗುವ ಪ್ರಶ್ನೆ ಎರಡು. ಕೆಲಸಕ್ಕೆ ಬೇಕಾದ ಮೆಮೊರಿಯನ್ನು ಯಾವಾಗ, ಹೇಗೆ ಕೇಳಬೇಕು? ಸಿಕ್ಕಿದ್ದಕ್ಕೆ ಇಬ್ಬರು ಒಟ್ಟಿಗೆ ಕೈಹಾಕಿ ಕೆಡಿಸದಂತೆ ಯಾವ ಲಾಕಿನಿಂದ ಕಾಯಬೇಕು? ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯ. ಕೋಡಿನಲ್ಲಿ ಮಾತ್ರ ಒಂದರ ತಪ್ಪು ಇನ್ನೊಂದರ ಹೊಟ್ಟೆಯಲ್ಲಿ ಹುಟ್ಟುತ್ತದೆ. ನಮ್ಮ ಭಾಗದ ಬೆಂಗಳೂರಿನಲ್ಲಿ ಈ ವಿದ್ಯೆ ಹೇಗೆ ಬೇರೂರಿತು ಎಂಬುದನ್ನು ನಾನು ಕಂಡ ಮಟ್ಟಿಗೆ ಬರೆದಿಡುತ್ತಿದ್ದೇನೆ. ಅದನ್ನು ಬಲ್ಲ ಮೊದಲ ತಲೆಮಾರು ಈಗಾಗಲೇ ನಿವೃತ್ತಿಯಾಗುತ್ತಿದೆ.

ನನಗೆ ಕೆಲಸ ಕಲಿಸಿದ ಹಿರಿಯರು ಬನಶಂಕರಿ ಎರಡನೇ ಹಂತದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಅದಕ್ಕೂ ಮುಂಚೆ ಅವರು ಬರೆದದ್ದು ಬ್ಯಾಂಕಿನ ಯಂತ್ರಗಳಿಗೆ. 1984ರ ರಂಗರಾಜನ್ ಸಮಿತಿ ವರದಿಯ ಬಳಿಕ ಬ್ಯಾಂಕ್ ಶಾಖೆಗಳಿಗೆ ಕಂಪ್ಯೂಟರು ಬರತೊಡಗಿತು, ಅವುಗಳಲ್ಲಿ ಬಹಳಷ್ಟು ಯುನಿಕ್ಸ್ ಯಂತ್ರಗಳು. ಒಂದು ಪೆಟ್ಟಿಗೆ, ಸೀರಿಯಲ್ ಕಾರ್ಡಿನ ಮೂಲಕ ಅದಕ್ಕೆ ಜೋಡಿಸಿದ ಹಲವು ಟರ್ಮಿನಲ್ಲು, ಪಕ್ಕದಲ್ಲಿ ಕಿರುಗುಟ್ಟುವ ಪ್ರಿಂಟರು. ಆ ಸೀರಿಯಲ್ ಕಾರ್ಡಿಗೆ ಡ್ರೈವರ್ ಬೇಕಿತ್ತು, ಬರೆಯುವವರೂ ಬೇಕಿತ್ತು. ಲಿನಕ್ಸ್ ಬರುವ ಮೊದಲೇ ಈ ಊರಿನಲ್ಲಿ ಯುನಿಕ್ಸಿನ ಒಳಗನ್ನು ಬಲ್ಲವರ ಒಂದು ಚಿಕ್ಕ ಪಡೆ ತಯಾರಾದದ್ದು ಹೀಗೆ.

ಅವರ ಮೇಜಿನ ಮೇಲೆ ಮಾರಿಸ್ ಬಾಖ್ 1986ರಲ್ಲಿ ಬರೆದ ಯುನಿಕ್ಸ್ ವಿನ್ಯಾಸದ ಪುಸ್ತಕದ ಭಾರತೀಯ ಆವೃತ್ತಿ ಇರುತ್ತಿತ್ತು. ಆ ಕಾಲದ ಯುನಿಕ್ಸಿನಲ್ಲಿ ಲಾಕಿನ ವಿಚಾರ ಸರಳ. ಪ್ರೊಸೆಸರ್ ಒಂದೇ. ಕರ್ನಲ್ ಒಳಗೆ ಓಡುತ್ತಿರುವ ಪ್ರೋಸೆಸ್ ತಾನಾಗಿ ಮಲಗುವವರೆಗೆ ಅದನ್ನು ಯಾರೂ ಎಬ್ಬಿಸಿ ಕಳಿಸುವಂತಿಲ್ಲ. ನಡುವೆ ನುಗ್ಗಬಹುದಾದದ್ದು ಸಾಧನದಿಂದ ಬರುವ ಇಂಟರಪ್ಟ್ ಮಾತ್ರ. ನಾಲ್ಕು ಸಾಲಿನ ಕೆಲಸಕ್ಕೆ ಇಂಟರಪ್ಟನ್ನು ತಡೆಹಿಡಿದರೆ ಸಾಕು, ಡೇಟಾ ಸುರಕ್ಷಿತ. ಒಂದು ಕಟ್ಟುಪಾಡು ಮಾತ್ರ ಆಗಲೂ ಇತ್ತು: ಇಂಟರಪ್ಟ್ ನಡೆಸುವ ಕೋಡು ಮಲಗಬಾರದು. ಮಲಗಿದರೆ ಆ ಹೊತ್ತಿಗೆ ಓಡುತ್ತಿದ್ದ ಪ್ರೋಸೆಸ್, ಈ ವ್ಯವಹಾರಕ್ಕೆ ಯಾವ ರೀತಿಯಲ್ಲೂ ಸಂಬಂಧವಿಲ್ಲದ ಒಂದು ಬಡಪಾಯಿ, ಮಲಗಿಬಿಡುತ್ತದೆ. ಆದ್ದರಿಂದ ಸಿಸ್ಟಮ್ ಫೈವ್ ಯುನಿಕ್ಸಿನಲ್ಲಿ ಮೆಮೊರಿ ಕೇಳುವಾಗಲೇ ‘ಬೇಕಿದ್ದರೆ ಮಲಗಿ ಕಾಯುತ್ತೇನೆ’ ಅಥವಾ ‘ಕಾಯಲಾರೆ, ಇಲ್ಲದಿದ್ದರೆ ಇಲ್ಲ ಎನ್ನು’ ಎಂದು ಹೇಳಿ ಕೇಳಬೇಕಿತ್ತು.

ಮೆಮೊರಿ ಕೇಳುವುದಕ್ಕೂ ಮಲಗುವುದಕ್ಕೂ ಏನು ಸಂಬಂಧ? ಖಾಲಿ ಪುಟಗಳಿದ್ದರೆ ಕರ್ನಲ್ ತಕ್ಷಣ ಕೊಡುತ್ತದೆ. ಇಲ್ಲದಿದ್ದರೆ ಯಾರದೋ ಹಳೆಯ ಪುಟಗಳನ್ನು ಡಿಸ್ಕಿಗೆ ಬರೆದು ಜಾಗ ಬಿಡಿಸಬೇಕು. ಡಿಸ್ಕ್ ಉತ್ತರ ಕೊಡುವವರೆಗೆ ಕೇಳಿದವರನ್ನು ಬದಿಗಿಟ್ಟು ಬೇರೆಯವರನ್ನು ಓಡಿಸುತ್ತದೆ. ಈ ಬದಿಗಿಡುವುದನ್ನೇ ನಾವು ಮಲಗುವುದು ಎನ್ನುತ್ತೇವೆ. ಲಿನಕ್ಸಿನಲ್ಲಿ ಕೆಮ್ಯಾಲಾಕ್ ಎಂಬ ಫಂಕ್ಷನ್ನಿಗೆ ‘ಜಿಎಫ್‌ಪಿ ಕರ್ನಲ್’ ಎಂಬ ಫ್ಲ್ಯಾಗ್ ಕೊಟ್ಟರೆ ಮಲಗಲು ಒಪ್ಪಿದಂತೆ. ‘ಜಿಎಫ್‌ಪಿ ಅಟಾಮಿಕ್’ ಕೊಟ್ಟರೆ ಮಲಗುವುದಿಲ್ಲ, ಬದಲಿಗೆ ಬರಿಗೈಯಲ್ಲಿ ವಾಪಸಾಗಲು ಸಿದ್ಧವಿರಬೇಕು.

ಲಿನಕ್ಸ್ 1991ರಲ್ಲಿ ಹುಟ್ಟಿದಾಗ ಅದೂ ಒಂದೇ ಪ್ರೊಸೆಸರಿನ ಲೋಕದ್ದೇ. 1996ರ ಜೂನಿನಲ್ಲಿ ಬಂದ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವ ಯಂತ್ರದಲ್ಲಿ ಓಡಿತು. ಆದರೆ ಇಡೀ ಕರ್ನಲಿಗೆ ಒಂದೇ ಲಾಕು, ಬಿಗ್ ಕರ್ನಲ್ ಲಾಕ್. ಚಾಮರಾಜಪೇಟೆ, ಬಸವನಗುಡಿಯ ಹಳೆಯ ವಠಾರಗಳಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ: ಎಂಟು ಸಂಸಾರಕ್ಕೆ ಒಂದೇ ಬಚ್ಚಲು. ಒಬ್ಬರು ಒಳಗಿದ್ದರೆ ಉಳಿದವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಿಲ್ಲಬೇಕು. ಜಗಳವಿಲ್ಲ, ಆದರೆ ಮನೆ ಎಷ್ಟು ಹೆಚ್ಚಿದರೂ ಸ್ನಾನದ ವೇಗ ಹೆಚ್ಚುವುದಿಲ್ಲ.

ಈ ದೊಡ್ಡ ಲಾಕಿಗೆ ಒಂದು ವಿಚಿತ್ರ ಗುಣವಿತ್ತು. ಹಿಡಿದವರು ಮಲಗಿದರೆ ಕರ್ನಲ್ ಅದನ್ನು ಸದ್ದಿಲ್ಲದೆ ಬಿಡಿಸುತ್ತಿತ್ತು, ಎದ್ದ ಮೇಲೆ ಮತ್ತೆ ಹಿಡಿಸುತ್ತಿತ್ತು. ಯಂತ್ರ ಸ್ತಬ್ಧವಾಗದಿರಲು ಇದು ಒಳ್ಳೆಯ ಉಪಾಯ. ಡೇಟಾದ ಪಾಲಿಗೆ ಹಾಗಲ್ಲ. ಒಂದು ಪಾಯಿಂಟರ್ ಖಾಲಿ ಇದೆಯೇ ಎಂದು ನಾನು ನೋಡಿದೆ ಎನ್ನಿ. ಖಾಲಿ ಇತ್ತು, ಮೆಮೊರಿ ಕೇಳಿದೆ, ಕೇಳುತ್ತಾ ಮಲಗಿದೆ. ಆ ಸಂದಿನಲ್ಲಿ ಇನ್ನೊಬ್ಬರು ಒಳಬಂದು ಅದೇ ಪಾಯಿಂಟರ್ ನೋಡಿದರು, ಅವರಿಗೂ ಖಾಲಿ ಕಂಡಿತು, ಅವರೂ ಕೇಳಿದರು. ಇಬ್ಬರಿಗೂ ಸಿಕ್ಕಿತು. ಆಮೇಲೆ ಬರೆದವರದು ಉಳಿಯಿತು. ಮೊದಲು ಬರೆದವರ ತುಂಡು ಮೆಮೊರಿ ಯಾರ ಲೆಕ್ಕಕ್ಕೂ ಸಿಗದೆ ಯಂತ್ರ ಮತ್ತೆ ಬೂಟ್ ಆಗುವವರೆಗೆ ಕಳೆದುಹೋಯಿತು. ಲಾಕ್ ಹಾಕಿದ್ದೂ ನಿಜ, ಸೋರಿದ್ದೂ ನಿಜ. ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಎಂಬ ಪ್ರಸಿದ್ಧ ಪುಸ್ತಕ ತನ್ನ ‘ಸ್ಕಲ್’ ಎಂಬ ಮಾದರಿ ಡ್ರೈವರಿನಲ್ಲಿ, 4000 ಬೈಟಿನ ತುಂಡುಗಳನ್ನು ಹಂಚುವ ಜಾಗದಲ್ಲಿ, ಇದೇ ಪೈಪೋಟಿಯನ್ನು ತೋರಿಸಿ ಲಾಕಿನ ಪಾಠ ಶುರುಮಾಡುತ್ತದೆ.

2.2 ಬಂದದ್ದು 1999ರ ಜನವರಿಯಲ್ಲಿ, 2.4 ಬಂದದ್ದು 2001ರ ಜನವರಿಯಲ್ಲಿ. ದೊಡ್ಡ ಲಾಕಿನ ಕೆಲಸವನ್ನು ಸಣ್ಣ ಸಣ್ಣ ಸ್ಪಿನ್‌ಲಾಕುಗಳಿಗೆ ಹಂಚುತ್ತಾ ಬಂದ ಕಾಲ ಅದು. ಸ್ಪಿನ್‌ಲಾಕಿಗೆ ಕಾಯುವವರು ಮಲಗುವುದಿಲ್ಲ, ‘ಬಿಟ್ಟರಾ? ಬಿಟ್ಟರಾ?’ ಎಂದು ಕೇಳುತ್ತಾ ಪ್ರೊಸೆಸರನ್ನು ಸುತ್ತಿಸುತ್ತಲೇ ಇರುತ್ತಾರೆ. ಹಿಡಿದವರು ಕೆಲವೇ ಸಾಲುಗಳಲ್ಲಿ ಬಿಟ್ಟರೆ ಇದು ಬಹಳ ಅಗ್ಗ. ಹಿಡಿದವರು ಮಲಗಿದರೆ ಹೊರಗಿನ ಪ್ರೊಸೆಸರ್ ಬರಿದೇ ಸುತ್ತುತ್ತದೆ. ಮಲಗಿದವರನ್ನು ಎಬ್ಬಿಸಬೇಕಾದ ಪ್ರೊಸೆಸರೇ ಹಾಗೆ ಸುತ್ತುತ್ತಿದ್ದರೆ ಅಲ್ಲಿಗೆ ಮುಗಿಯಿತು.

ಆ ದಿನಗಳಲ್ಲಿ ನಾನಿದ್ದದ್ದು ಜೆ.ಪಿ. ನಗರ ಎರಡನೇ ಫೇಸಿನ ಒಂದು ಮನೆಯ ಮೇಲಂತಸ್ತಿನ ಕಚೇರಿಯಲ್ಲಿ. ಕೆಳಗೆ ಮಾಲೀಕರು, ಮೇಲೆ ನಾವು, ಹಜಾರದಲ್ಲಿ ಮೇಜುಗಳು. ಕೆಲಸವೆಂದರೆ ಬೇರೆ ದೇಶದವರು ಬರೆದ ಡ್ರೈವರನ್ನು ಹೊಸ ಬೋರ್ಡಿಗೆ, ಹೊಸ ಕರ್ನಲಿಗೆ ಒಗ್ಗಿಸುವುದು. ಅಂಥದೊಂದು ಕೋಡನ್ನು ಪ್ರಿಂಟ್ ತೆಗೆದು ಹಿರಿಯರು ಓದುತ್ತಿದ್ದರು.

“ಏನಮ್ಮಾ, ಇಲ್ಲಿ ಸ್ಪಿನ್‌ಲಾಕ್ ಹಿಡ್ಕೊಂಡಿದಾರೆ, ಎರಡು ಸಾಲು ಕೆಳಗೆ ಕೆಮ್ಯಾಲಾಕ್ ಕರೀತಾರೆ, ಅದೂ ಜಿಎಫ್‌ಪಿ ಕರ್ನಲ್. ಅದು ಮಲಗಿದ್ರೆ?”

ಪಕ್ಕದ ಮೇಜಿನ ಹುಡುಗ ತಲೆಯೆತ್ತಿ, “ಯಾಕೆ ಸರ್ ಮಲಗತ್ತೆ? ಮೆಮೊರಿ ಬೇಕಾದಷ್ಟಿದೆಯಲ್ಲ” ಅಂದ.

“ಇವತ್ತಿದೆ.”

ಆ ಡ್ರೈವರು ಗಿರಾಕಿಯ ಬಳಿ ವರ್ಷಗಟ್ಟಲೆ ಓಡಿತ್ತು. ಕಾರಣ ಎರಡು. ಒಂದೇ ಪ್ರೊಸೆಸರಿಗೆಂದು ಕಂಪೈಲ್ ಮಾಡಿದ ಅಂದಿನ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಎಂಬುದು ಏನೂ ಅಲ್ಲದೆ ಮಾಯವಾಗುತ್ತಿತ್ತು. ಮಾಯವಾದ ಲಾಕನ್ನು ಹಿಡಿದು ಮಲಗಿದರೆ ಯಾರಿಗೂ ತೊಂದರೆಯಿಲ್ಲ. ಇನ್ನು ಪರೀಕ್ಷೆಯ ಯಂತ್ರದಲ್ಲಿ ಮೆಮೊರಿ ಧಾರಾಳ, ಹಾಗಾಗಿ ಮಲಗುವ ಪ್ರಸಂಗವೇ ಬರುತ್ತಿರಲಿಲ್ಲ. ಎರಡು ಪ್ರೊಸೆಸರೂ ಇರಬೇಕು, ಮೆಮೊರಿಯೂ ತೀರಬೇಕು, ಆಗಷ್ಟೇ ತಪ್ಪು ಹೊರಬೀಳುತ್ತದೆ. ಆ ಎರಡೂ ಸೇರುವುದು ಸಾಮಾನ್ಯವಾಗಿ ಗಿರಾಕಿಯ ಸರ್ವರಿನಲ್ಲಿ, ನಡುರಾತ್ರಿಯಲ್ಲಿ.

ಹಿರಿಯರ ಪರೀಕ್ಷಾಕ್ರಮ ಇದಕ್ಕೆಂದೇ ಹುಟ್ಟಿದ್ದು. ಹಜಾರದ ಮೂಲೆಯಲ್ಲಿ ಎರಡು ಪೆಂಟಿಯಮ್ ತ್ರೀ ಪ್ರೊಸೆಸರುಗಳ ಒಂದು ಯಂತ್ರವಿತ್ತು. ಎಷ್ಟೇ ಮೆಮೊರಿ ಇದ್ದರೂ ಬೂಟ್ ಸಾಲಿನಲ್ಲಿ ‘16 ಎಂಬಿ ಮಾತ್ರ’ ಎಂದು ಕರ್ನಲಿಗೆ ಸುಳ್ಳು ಹೇಳಿ ಎಬ್ಬಿಸುತ್ತಿದ್ದರು. ಒಂದು ಕಡೆ ಕರ್ನಲ್ ಕಂಪೈಲಿಗೆ ಹಾಕಿ ಯಂತ್ರದ ಉಸಿರು ಕಟ್ಟಿಸಿ, ಇನ್ನೊಂದು ಕಡೆ ಡ್ರೈವರನ್ನು ಓಡಿಸುತ್ತಿದ್ದರು. ಅದರಲ್ಲಿ ರಾತ್ರಿ ಕಳೆದು ಬದುಕಿದ ಡ್ರೈವರಿಗೆ ಮಾತ್ರ ಅವರ ಸಹಿ. ಈ ಕ್ರಮವನ್ನು ಅವರು ಯಾವ ಪುಸ್ತಕದಿಂದಲೂ ತಂದಿರಲಿಲ್ಲ, ಎಲ್ಲೂ ಬರೆದಿಡಲೂ ಇಲ್ಲ. ಜಯನಗರದಿಂದ ಬಿಟಿಎಂವರೆಗಿನ ಇಂಥ ಮೇಲಂತಸ್ತುಗಳಲ್ಲಿ ವಿದ್ಯೆ ಬಹುಪಾಲು ದಾಟಿದ್ದು ಬಾಯಿಂದ ಬಾಯಿಗೆ.

ಮೆಮೊರಿಗೆ ತನ್ನದೇ ಪ್ರತ್ಯೇಕ ಸಂಕಟಗಳೂ ಇದ್ದವು. ಲಿನಕ್ಸ್ ಪುಟಗಳನ್ನು ಎರಡರ ಘಾತಗಳಲ್ಲಿ ಹಂಚುತ್ತದೆ. 1965ರಲ್ಲಿ ಕೆನೆತ್ ನೋಲ್ಟನ್ ಪ್ರಕಟಿಸಿದ ‘ಬಡ್ಡಿ’ ಪದ್ಧತಿ ಅದು. ಅದರ ಮೇಲೆ ಸಣ್ಣ ತುಂಡುಗಳಿಗಾಗಿ ಸ್ಲ್ಯಾಬ್, 1994ರಲ್ಲಿ ಸನ್ ಕಂಪನಿಯ ಜೆಫ್ ಬಾನ್ವಿಕ್ ಸೊಲಾರಿಸ್‌ಗಾಗಿ ಮಾಡಿದ್ದು. ವಿಡಿಯೊ ಹಿಡಿಯುವ ಕಾರ್ಡಿಗೆ ಡ್ರೈವರ್ ಬರೆಯುವಾಗ ಲೆಕ್ಕ ಹೀಗೆ ಬರುತ್ತದೆ: ಪಾಲ್ ಮಾದರಿಯ ಟಿವಿ ಚಿತ್ರ 720 ಅಡ್ಡ, 576 ಉದ್ದ, ಪ್ರತಿ ಚುಕ್ಕೆಗೆ 2 ಬೈಟು, ಒಟ್ಟು 8,29,440 ಬೈಟು. 4 ಕೆಬಿ ಪುಟದ ಲೆಕ್ಕದಲ್ಲಿ 203 ಪುಟ. ಬಡ್ಡಿ ಪದ್ಧತಿ ಕೊಡುವುದು 256, ಅದೂ ಬಿಡುವಿಲ್ಲದೆ ಸಾಲಾಗಿ. ಯಂತ್ರ ಎದ್ದ ಹೊಸತರಲ್ಲಿ ಸಿಗುತ್ತದೆ. ವಾರ ಓಡಿದ ಮೇಲೆ ಖಾಲಿ ಪುಟಗಳು ಚದುರಿ, ಒಟ್ಟು ಮೆಮೊರಿ ಸಾಕಷ್ಟಿದ್ದರೂ ಒಂದೇ ಸಾಲಿನ 256 ಸಿಗುವುದಿಲ್ಲ. ಆಗಿನ ಪರಿಹಾರವೂ ಬೂಟ್ ಸಾಲಿನ ಸುಳ್ಳೇ. ಇರುವ ಮೆಮೊರಿಗಿಂತ ಸ್ವಲ್ಪ ಕಡಿಮೆ ಹೇಳಿ, ಕರ್ನಲ್ ಕಾಣದ ಕೊನೆಯ ಭಾಗವನ್ನು ಡ್ರೈವರಿಗೆ ಎತ್ತಿಡುವುದು. ಇದಕ್ಕೆ ಮರ್ಯಾದೆಯ ದಾರಿ, ಸಿಎಂಎ ಎಂಬ ವ್ಯವಸ್ಥೆ, ಮುಖ್ಯ ಲಿನಕ್ಸಿಗೆ ಬಂದದ್ದು 2012ರ 3.5 ಆವೃತ್ತಿಯಲ್ಲಿ.

2002ರಿಂದ 2006ರ ನಡುವಿನ ವರ್ಷಗಳು ನಮ್ಮ ಕಸುಬನ್ನು ತಲೆಕೆಳಗು ಮಾಡಿದವು. 2.5 ಸರಣಿಯಲ್ಲಿ ಕರ್ನಲ್ ಒಳಗಿನ ಕೋಡನ್ನೂ ನಡುವೆ ತಡೆದು ಬೇರೆಯವರನ್ನು ಓಡಿಸುವ ಪ್ರಿಎಂಪ್ಷನ್ ಬಂತು. ಎಲ್ಲ ಪ್ರೊಸೆಸರುಗಳ ಇಂಟರಪ್ಟನ್ನು ಒಟ್ಟಿಗೆ ನಿಲ್ಲಿಸುವ ಹಳೆಯ ಅನುಕೂಲ ಹೋಯಿತು. 2003ರ ಡಿಸೆಂಬರಿನಲ್ಲಿ 2.6 ಹೊರಬಂತು. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮೇಜಿನ ಕಂಪ್ಯೂಟರಿಗೇ ಡ್ಯುಯಲ್ ಕೋರ್ ತಂದವು. ಇಷ್ಟು ದಿನ ಸರ್ವರಿಗೆ ಮೀಸಲಾಗಿದ್ದ ಎರಡನೆಯ ಪ್ರೊಸೆಸರು ಈಗ ಎಸ್.ಪಿ. ರೋಡಿನ ಅಂಗಡಿಯಲ್ಲಿ ಕಟ್ಟಿಸಿದ ಪಿಸಿಯಲ್ಲೂ ಕೂತಿತು. ಮಾಯವಾಗುತ್ತಿದ್ದ ಸ್ಪಿನ್‌ಲಾಕುಗಳೆಲ್ಲ ಒಟ್ಟಿಗೆ ಜೀವ ತಳೆದವು, ಅವುಗಳ ಹಿಂದೆ ಅಡಗಿದ್ದ ತಪ್ಪುಗಳೂ. 2.4ರಿಂದ 2.6ಕ್ಕೆ ಡ್ರೈವರ್ ಸಾಗಿಸುವ ಕೆಲಸ ಈ ಊರಿನ ನೂರಾರು ಎಂಜಿನಿಯರುಗಳಿಗೆ ವರ್ಷಗಟ್ಟಲೆ ಊಟ ಹಾಕಿತು.

ಆ ಗಡಿಬಿಡಿಯಲ್ಲಿ ಒಂದು ಕೆಟ್ಟ ಚಾಳಿಯೂ ಹರಡಿತು. ಲಾಕಿನೊಳಗೆ ಮೆಮೊರಿ ಕೇಳಿದ ಜಾಗದಲ್ಲೆಲ್ಲ ‘ಕರ್ನಲ್’ ಅಳಿಸಿ ‘ಅಟಾಮಿಕ್’ ಬರೆದುಬಿಡುವುದು. ಎಚ್ಚರಿಕೆಯ ಸಂದೇಶ ನಿಲ್ಲುತ್ತದೆ, ಮ್ಯಾನೇಜರಿಗೆ ಸಮಾಧಾನ. ಆದರೆ ಅಟಾಮಿಕ್ ಬೇಡಿಕೆ ಕೈಹಾಕುವುದು ಆಪತ್ತಿಗೆಂದು ಇಟ್ಟ ಮೀಸಲಿಗೆ. ನೆಟ್‌ವರ್ಕಿನಿಂದ ಬರುವ ಪ್ಯಾಕೆಟ್ಟಿಗೂ ಅದೇ ಮೀಸಲು ಬೇಕು. ಹೊರೆ ಹೆಚ್ಚಿದಾಗ ಮೊದಲು ಸೋಲುವುದು ಅಟಾಮಿಕ್ ಬೇಡಿಕೆಯೇ. ಹಿರಿಯರು ಕಲಿಸಿದ ದಾರಿ ಎರಡು ಸಾಲು ಉದ್ದ, ಆದರೆ ಗಟ್ಟಿ. ಲಾಕ್ ಹಿಡಿಯುವ ಮೊದಲೇ ಮೆಮೊರಿ ಪಡೆ. ಆಮೇಲೆ ಲಾಕ್ ಹಿಡಿದು ಪಾಯಿಂಟರನ್ನು ಮತ್ತೊಮ್ಮೆ ನೋಡು. ಖಾಲಿ ಇದ್ದರೆ ನಿನ್ನದನ್ನು ಇಡು. ಅಷ್ಟರಲ್ಲಿ ಬೇರೆಯವರು ಇಟ್ಟಿದ್ದರೆ ಲಾಕ್ ಬಿಟ್ಟು ನಿನ್ನದನ್ನು ಹಿಂತಿರುಗಿಸು. ಹೀಗೆ ಮಾಡಿದರೆ ಮಲಗುವ ಭಯವೂ ಇಲ್ಲ, ಸೋರುವ ಭಯವೂ ಇಲ್ಲ.

ಪುಸ್ತಕಗಳು ಕೈಗೆ ಸುಲಭವಾಗಿ ಸಿಗತೊಡಗಿದ್ದೂ ಇದೇ ಹೊತ್ತಿಗೆ. ಅಲೆಸ್ಸಾಂಡ್ರೊ ರುಬಿನಿ 1998ರಲ್ಲಿ ಒಬ್ಬರೇ ಬರೆದ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ 2001ರಲ್ಲಿ ಜೊನಾಥನ್ ಕಾರ್ಬೆಟ್ ಸೇರಿ ಎರಡನೆಯ ಆವೃತ್ತಿಯಾಯಿತು, 2005ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಸೇರಿ ಮೂರನೆಯದಾಯಿತು. 2008ರಲ್ಲಿ ಐಬಿಎಂ ಇಂಡಿಯಾದ ಶ್ರೀಕೃಷ್ಣನ್ ವೆಂಕಟೇಶ್ವರನ್ ಅವರ ‘ಎಸೆನ್ಷಿಯಲ್ ಲಿನಕ್ಸ್ ಡಿವೈಸ್ ಡ್ರೈವರ್ಸ್’ ಬಂತು. ಇಷ್ಟು ದಿನ ಬಾಯಿಪಾಠವಾಗಿದ್ದದ್ದು ಅಚ್ಚಿನಲ್ಲಿ, ಅದೂ ನಮ್ಮ ದೇಶದಲ್ಲೇ ಕೆಲಸ ಮಾಡುವವರ ಕೈಯಿಂದ, ಕಂಡದ್ದು ನಮಗೆ ಸಣ್ಣ ಹೆಮ್ಮೆಯಾಗಿರಲಿಲ್ಲ.

ಬೆಂಗಳೂರು ಪರರ ಕೋಡಿನ ರಿಪೇರಿ ಅಂಗಡಿಯಾಗಿಯೇ ಉಳಿಯಲಿಲ್ಲ ಎಂಬುದಕ್ಕೆ ಸಾಕ್ಷಿ ಕರ್ನಲ್ ಕಡತಗಳಲ್ಲೇ ಇದೆ. 2002ರ ಅಕ್ಟೋಬರಿನಲ್ಲಿ 2.5.43 ಆವೃತ್ತಿಗೆ ಆರ್‌ಸಿಯು ಎಂಬ ತಂತ್ರ ಸೇರಿತು. ಮೂಲ ಕಲ್ಪನೆಯ ಹಿಂದೆ ಇದ್ದವರಲ್ಲಿ ಒಬ್ಬರು ಸೀಕ್ವೆಂಟ್ ಕಂಪನಿಯಲ್ಲಿದ್ದ ಪಾಲ್ ಮೆಕೆನಿ. 1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡಿತು. ಆರ್‌ಸಿಯುವನ್ನು ಲಿನಕ್ಸಿಗೆ ತಂದ ಕಡತದ ತಲೆಯಲ್ಲಿ ಕರ್ತೃವೆಂದು ಇರುವ ಮೊದಲ ಹೆಸರು ದೀಪಂಕರ್ ಶರ್ಮಾ, ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನವರು. ಜೊತೆಗಿರುವ ಇನ್ನೊಂದು ಹೆಸರು ಮ್ಯಾನ್‌ಫ್ರೆಡ್ ಸ್ಪ್ರಾಲ್.

ಆರ್‌ಸಿಯು ಲಾಕಿನ ಪ್ರಶ್ನೆಯನ್ನು ಮೆಮೊರಿಯ ಪ್ರಶ್ನೆಯಾಗಿ ತಿರುಗಿಸಿಬಿಟ್ಟಿತು. ಓದುವವರು ಲಾಕನ್ನೇ ಹಿಡಿಯುವುದಿಲ್ಲ. ಬದಲಿಸುವವರು ಹಳೆಯದನ್ನು ಮುಟ್ಟದೆ ಹೊಸ ಪ್ರತಿ ಮಾಡಿ, ಪಾಯಿಂಟರನ್ನು ಅದರತ್ತ ತಿರುಗಿಸುತ್ತಾರೆ. ಹಳೆಯ ಪ್ರತಿಯನ್ನು ಓದುತ್ತಿದ್ದವರೆಲ್ಲ ಹೊರಬಿದ್ದರೆಂದು ಖಾತ್ರಿಯಾದ ಮೇಲಷ್ಟೇ ಅದರ ಮೆಮೊರಿ ಬಿಡುಗಡೆ. ಕಡತದ ಹೆಸರು ಹುಡುಕುವ ಡೈರೆಕ್ಟರಿ ಕ್ಯಾಶಿಗೆ ಇದನ್ನು ಅಳವಡಿಸಿದವರಲ್ಲಿ ದೀಪಂಕರ್ ಜೊತೆ ಅದೇ ಕೇಂದ್ರದ ಮನೀಶ್ ಸೋನಿ ಇದ್ದರು. ಪ್ರತಿ ಪ್ರೊಸೆಸರಿಗೂ ಅದರದೇ ತುಂಡು ಮೆಮೊರಿ ಕೊಟ್ಟು, ಎಣಿಕೆಯಂಥ ಕೆಲಸಕ್ಕೆ ಲಾಕೇ ಬೇಡವಾಗಿಸುವ ಕೆಲಸದಲ್ಲಿ ದೀಪಂಕರ್ ಮತ್ತು ರವಿಕಿರಣ್ ತಿರುಮಲೈ ಅವರ ಪಾಲು ದೊಡ್ಡದು. 2008ರ ಏಪ್ರಿಲಿನ 2.6.25ರಲ್ಲಿ ಬಂದ ಮೆಮೊರಿ ಕಂಟ್ರೋಲರಿನ ಕಡತ ಐಬಿಎಂನ ಬಲ್ಬೀರ್ ಸಿಂಗ್ ಅವರ ಹೆಸರಿನಿಂದ ಶುರುವಾಗುತ್ತದೆ. ಇಂದು ಡಾಕರ್ ಕಂಟೇನರಿಗೆ ‘ಇಷ್ಟೇ ಮೆಮೊರಿ’ ಎಂದು ಮಿತಿ ಹಾಕುವವರೆಲ್ಲ ನಿಂತಿರುವುದು ಆ ತಳಪಾಯದ ಮೇಲೆ.

ಇವರನ್ನೂ ನಮ್ಮಂಥ ಮೇಲಂತಸ್ತಿನವರನ್ನೂ ಒಂದೇ ಸೂರಿನಡಿ ತಂದದ್ದು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಶುರುವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನ. ಅದರ ಬೆನ್ನೆಲುಬು ಅತುಲ್ ಚಿಟ್ನಿಸ್, 2013ರಲ್ಲಿ ತೀರಿಕೊಂಡರು. ಲಿನಕ್ಸಿಗೆ ಬಹುಪ್ರೊಸೆಸರ್ ಬೆಂಬಲ ತಂದವರಲ್ಲಿ ಮೊದಲಿಗರಾದ ಅಲನ್ ಕಾಕ್ಸ್ 2005ರಲ್ಲಿ ಇಲ್ಲಿಗೇ ಬಂದು ಮಾತಾಡಿದರು. ಕೊನೆಯ ವರ್ಷಗಳಲ್ಲಿ ಸಮ್ಮೇಳನ ನಡೆದದ್ದು ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಂಗಣದಲ್ಲಿ, ಜಯನಗರದವರಿಗೆ ಆಟೊ ಹತ್ತಿದರೆ ಹತ್ತು ನಿಮಿಷ. 2012ರ ಬಳಿಕ ಅದು ನಡೆಯಲಿಲ್ಲ.

ಹಿರಿಯರ ಬಾಯಲ್ಲಿದ್ದ ನಿಯಮಗಳು ಅಷ್ಟರಲ್ಲಿ ಕರ್ನಲ್ ಒಳಗೇ ಸೇರಿಕೊಂಡಿದ್ದವು. ಮಲಗಬಹುದಾದ ಫಂಕ್ಷನ್ನುಗಳ ಬಾಗಿಲಲ್ಲಿ ‘ಮೈಟ್ ಸ್ಲೀಪ್’ ಎಂಬ ಕಾವಲು ಕೂತಿತು. ಮೆಮೊರಿ ಇದ್ದು ಮಲಗದೆ ಹೋದರೂ, ಮಲಗಬಹುದಿತ್ತು ಎಂಬಷ್ಟಕ್ಕೇ ಅದು ಕೂಗುತ್ತದೆ. 2006ರ 2.6.16ರಲ್ಲಿ ಮಲಗಿ ಕಾಯುವವರಿಗಾಗಿ ಮ್ಯೂಟೆಕ್ಸ್ ಬಂತು. ಅದೇ ವರ್ಷದ 2.6.18ರಲ್ಲಿ ಲಾಕುಗಳನ್ನು ಹಿಡಿದ ಕ್ರಮವನ್ನು ನೆನಪಿಟ್ಟು, ಡೆಡ್‌ಲಾಕ್ ಆಗುವ ಮೊದಲೇ ಎಚ್ಚರಿಸುವ ಲಾಕ್‌ಡೆಪ್ ಬಂತು. ಬಿಗ್ ಕರ್ನಲ್ ಲಾಕ್ 2011ರ ಮೇ ತಿಂಗಳ 2.6.39ರಲ್ಲಿ ಸಂಪೂರ್ಣ ಹೋಯಿತು. 2024ರ ನವೆಂಬರಿನ 6.12ರಲ್ಲಿ ರಿಯಲ್‌ಟೈಮ್ ಕರ್ನಲ್ ಮುಖ್ಯ ಲಿನಕ್ಸಿಗೆ ಸೇರಿತು. ಅದನ್ನು ಆರಿಸಿಕೊಂಡರೆ ಸಾಮಾನ್ಯ ಸ್ಪಿನ್‌ಲಾಕಿಗೆ ಕಾಯುವವರೂ ಮಲಗುತ್ತಾರೆ. ಮಲಗದೆ ಉಳಿಯುವ ‘ರಾ’ ಸ್ಪಿನ್‌ಲಾಕಿನ ಒಳಗಂತೂ ಅಟಾಮಿಕ್ ಮೆಮೊರಿಯನ್ನೂ ಕೇಳುವಂತಿಲ್ಲ.

ಇಷ್ಟು ವರ್ಷ ನೋಡಿದ ಮೇಲೆ ನನ್ನ ತೀರ್ಮಾನ ಒಂದೇ. ಡ್ರೈವರ್ ಕೆಡುವುದು ಲಾಕ್ ಹಾಕದ್ದರಿಂದ ಅಲ್ಪ. ಯಾವ ಯಂತ್ರವನ್ನು ನಂಬಿ ಬರೆದೆವು, ಲಾಕ್ ಯಾವ ಡೇಟಾವನ್ನು ಕಾಯುತ್ತದೆ ಎಂಬುದನ್ನು ಬರೆದಿಡದೆ ಹೋದದ್ದರಿಂದ ಬಹಳ. ಯಂತ್ರ ಬದಲಾಗುತ್ತದೆ, ಬರೆದವರು ಕೆಲಸ ಬಿಡುತ್ತಾರೆ, ನಂಬಿಕೆ ಮಾತ್ರ ಕೋಡಿನಲ್ಲಿ ಮೂಕವಾಗಿ ಉಳಿಯುತ್ತದೆ. ಲಾಕ್‌ಡೆಪ್ ಕ್ರಮದ ತಪ್ಪನ್ನು ಹಿಡಿಯಬಲ್ಲದು, ನಿಮ್ಮ ಮನಸ್ಸಿನಲ್ಲಿದ್ದ ಉದ್ದೇಶವನ್ನು ಓದಲಾರದು.

ಬನಶಂಕರಿ, ಕುಮಾರಸ್ವಾಮಿ ಬಡಾವಣೆಯ ಕಾಲೇಜುಗಳಲ್ಲಿ ಓದುತ್ತಿರುವ, ಬಿಟಿಎಂನ ಪಿಜಿಗಳಲ್ಲಿದ್ದು ಎಂಬೆಡೆಡ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಹೇಳುವುದು ಇಷ್ಟೇ. ರುಬಿನಿ ಪುಸ್ತಕದ ಮೂರನೆಯ ಆವೃತ್ತಿಯ ಐದನೆಯ ಅಧ್ಯಾಯವನ್ನೂ ಎಂಟನೆಯದನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ನಿಮ್ಮ ಡ್ರೈವರನ್ನು ಮೆಮೊರಿ ಕಡಿಮೆ ಮಾಡಿದ ಯಂತ್ರದಲ್ಲಿ, ಲಾಕ್‌ಡೆಪ್ ಹಾಕಿ, ಒಂದು ರಾತ್ರಿಯಾದರೂ ಓಡಿಸಿ. ಸ್ಪಿನ್‌ಲಾಕ್ ಘೋಷಿಸುವ ಪ್ರತಿ ಸಾಲಿನ ಮೇಲೆ ಅದು ಏನನ್ನು ಕಾಯುತ್ತದೆ ಎಂದು ಒಂದು ಸಾಲು ಬರೆಯಿರಿ. ಕರ್ನಲ್ ಜೊತೆಗೇ ಬರುವ ಚೆಕ್‌ಪ್ಯಾಚ್ ಸ್ಕ್ರಿಪ್ಟನ್ನು ‘ಸ್ಟ್ರಿಕ್ಟ್’ ಎಂದು ಓಡಿಸಿದರೆ, ಆ ಸಾಲು ಇಲ್ಲದ ಲಾಕನ್ನು ಅದೇ ಎತ್ತಿ ತೋರಿಸುತ್ತದೆ.